ಎರಡನೇ ಮ್ಯಾಪಿಗೆ ‘ಇಲ್ಲ’ ಒತ್ತಿದ ಅಣ್ಣ

ಹೋದ ಭಾನುವಾರ ಮಧ್ಯಾಹ್ನ ಬಿಟಿಎಂ ಲೇಔಟಿನ ಒಂದು ಬೇಸ್‌ಮೆಂಟ್ ಹಾಲಿನಲ್ಲಿ, ಕಿಕ್ಕಿರಿದ ಹುಡುಗ ಹುಡುಗಿಯರ ಮಧ್ಯೆ, ಮೈಕಿನಲ್ಲಿ ನನ್ನ ಅಂಗಡಿಯ ಹೆಸರು ಹೇಳಿದರು.

ಅಂಗಡಿ ಹೆಸರು ಮೈಕಿನಲ್ಲಿ ಬರಲಿ ಅಂತ ಯಾವ ವ್ಯಾಪಾರಿಗೆ ಆಸೆ ಇರಲ್ಲ ಹೇಳಿ? ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಗಣೇಶನ ಪೆಂಡಾಲಿಗೆ ಚಂದಾ ಕೊಟ್ಟಾಗಲೂ ಮೈಕಿನವರು “ಟೈಲರ್ ಮಂಜಣ್ಣ” ಅಂದು ಮುಂದಿನ ಹೆಸರಿಗೆ ಹೋಗಿಬಿಡುತ್ತಾರೆ. ಇಲ್ಲಿ ಪೂರ್ತಿ ಹೇಳಿದರು. “ಸೂಜಿಮಲ್ಲಿಗೆ ಲೇಡೀಸ್ ಟೈಲರ್ಸ್, ಫಾಲ್, ಜಿಗ್‌ಜಾಗ್, ಕುಚ್ಚು ಹಾಕಲಾಗುವುದು” ಅಂತ ಬಾಲದ ಸಮೇತ.

ನಾನು ಕುರ್ಚಿಯ ಕೆಳಗೆ ತೂರಿಕೊಳ್ಳಲು ಜಾಗ ಇದೆಯಾ ಅಂತ ನೋಡುತ್ತಿದ್ದೆ.

ಇಷ್ಟು ವಾರ ಈ ಅಂಕಣದಲ್ಲಿ ಗಿರಾಕಿಗಳ ತಪ್ಪು, ಎದುರು ಅಂಗಡಿಯವನ ತಪ್ಪು, ರಸ್ತೆ ಅಗೆದು ಹೋದವರ ತಪ್ಪು ಎಲ್ಲ ಬರೆದಾಯಿತು. ನೀವೂ ಓದಿ ಹೌದು ಹೌದು ಅಂದಿರಿ. ಈ ವಾರ ನನ್ನ ಸರದಿ.

ನನಗೆ ಒಬ್ಬಳೇ ತಂಗಿ, ರಶ್ಮಿ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಜಯನಗರದಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಬೆಳಿಗ್ಗೆಯಿಂದ ಸಂಜೆವರೆಗೆ “ಕೂತ್ಕೊಳಿ ಅಂಕಲ್, ಐದು ನಿಮಿಷ” ಅನ್ನುತ್ತಾಳೆ. ಸಂಜೆ ಮನೆಗೆ ಬಂದ ಮೇಲೆ ಬಂದೂಕು ಹಿಡಿಯುತ್ತಾಳೆ. (ಕಂಪ್ಯೂಟರಿನಲ್ಲಿ. ಗಾಬರಿ ಬೇಡ.) ಐದು ಜನ ಈ ಕಡೆ, ಐದು ಜನ ಆ ಕಡೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವ ಆಟ. ಅದಕ್ಕೆ ಟೂರ್ನಮೆಂಟು, ಕಾಮೆಂಟರಿ, ರೆಫರಿ ಎಲ್ಲ ಇದೆ. ಇವಳ ತಂಡದ ಹೆಸರು ಟೀಂ ಖಾರಾಪುಡಿ. ನಾಲ್ಕು ಹುಡುಗರು, ಇವಳೊಬ್ಬಳು. ದೂರದಲ್ಲಿ ಅಡಗಿ ಕೂತು ಗುರಿ ಇಟ್ಟು ಹೊಡೆಯುವುದು ಇವಳ ಕೆಲಸ.

ನಾನು ಓದಿದ್ದು ಎಂಟನೇ ಕ್ಲಾಸು. ಆಟದ ಇಂಗ್ಲಿಷು ನನಗೆ ಹತ್ತಲ್ಲ. ಆದರೆ ತಂಡಕ್ಕೆ ಜೆರ್ಸಿ ಹೊಲಿದುಕೊಟ್ಟವನು ನಾನೇ, ಬಿಟ್ಟಿಯಾಗಿ. ಬಿಟ್ಟಿ ಕೊಟ್ಟ ಮೇಲೆ ಬಿಡುವುದುಂಟಾ? ಐದೂ ಜನರ ತೋಳಿನ ಮೇಲೆ ಅಂಗಡಿ ಹೆಸರು ಎಂಬ್ರಾಯಿಡರಿ ಮಾಡಿಸಿದೆ. ಅಂದರೆ, ಅವರ ಭಾಷೆಯಲ್ಲಿ, ನಾನು ಸ್ಪಾನ್ಸರ್.

ಈಗ ಮ್ಯಾಪಿನ ವಿಷಯ. ಒಂದು ಪಂದ್ಯ ಅಂದರೆ ಮೂರು ಮ್ಯಾಪು. ಮ್ಯಾಪು ಅಂದರೆ ಅಖಾಡ. ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ಅವುಗಳ ಇಂಗ್ಲಿಷ್ ಹೆಸರು ನನ್ನ ಬಾಯಲ್ಲಿ ನಿಲ್ಲಲ್ಲ, ಹಾಗಾಗಿ ನಾನೇ ಹೆಸರಿಟ್ಟುಕೊಂಡಿದ್ದೇನೆ: ಮೊದಲನೆಯದು ಮರಳುಗಾಡು, ಎರಡನೆಯದು ಬಂದರು, ಮೂರನೆಯದು ಹಿಮ. (ಇವಳು “ಮ್ಯಾಪ್ ಪ್ರಾಕ್ಟೀಸ್ ಇದೆ” ಅಂದಾಗಲೆಲ್ಲ ನಮ್ಮಮ್ಮ ಇದು ಯಾವುದೋ ಸರ್ಕಾರಿ ಪರೀಕ್ಷೆಗೆ ಭೂಗೋಳ ಓದುವುದು ಅಂದುಕೊಂಡು ಹಾಲು ಕೊಡುತ್ತಾರೆ. ನಾವು ತಿದ್ದಿಲ್ಲ.)

ಟೂರ್ನಮೆಂಟಿನವರು ನೋಡುವವರಿಗೂ ಒಂದು ಆಟ ಇಟ್ಟಿದ್ದರು. ಒಂದೊಂದು ಮ್ಯಾಪು ಯಾರು ಗೆಲ್ಲುತ್ತಾರೆ ಅಂತ ಫೋನಿನಲ್ಲಿ ಊಹೆ ಹಾಕುವುದು. ದುಡ್ಡಿನದ್ದಲ್ಲ ಸ್ವಾಮಿ, ದುಡ್ಡಿನ ಆಟ ಸರ್ಕಾರ ಬಂದ್ ಮಾಡಿದೆ. ಇದು ಅವರೇ ಬಿಟ್ಟಿ ಕೊಡುವ ಬರೀ ಪಾಯಿಂಟು. ‘ಎರಡನೇ ಮ್ಯಾಪು ಖಾರಾಪುಡಿ ಗೆಲ್ಲುತ್ತಾ?’ ಅಂತ ಕೇಳುತ್ತದೆ. ‘ಹೌದು’ ಅಂತ ಒಂದು ಚೀಟಿ, ‘ಇಲ್ಲ’ ಅಂತ ಒಂದು ಚೀಟಿ. ‘ಹೌದು’ ಚೀಟಿಯ ರೇಟು ಅರವತ್ತು ಅಂದರೆ, ನೂರಕ್ಕೆ ಅರವತ್ತು ಪಾಲು ಗೆಲ್ಲುತ್ತಾರೆ ಅಂತ ಜನ ನಂಬಿದ್ದಾರೆ ಅಂತ ಲೆಕ್ಕ. ನಿಮ್ಮ ಊಹೆ ಸರಿಯಾದರೆ ಒಂದು ಚೀಟಿಗೆ ನೂರು ಪಾಯಿಂಟು, ತಪ್ಪಾದರೆ ಸೊನ್ನೆ. ಹಬ್ಬದ ಹಿಂದಿನ ದಿನದ ಸೇವಂತಿಗೆ ಇದ್ದ ಹಾಗೆ. ಕೇಳುವವರು ಹೆಚ್ಚಾದರೆ ರೇಟು ಏರುತ್ತದೆ, ಯಾರೂ ತಿರುಗಿ ನೋಡದಿದ್ದರೆ ಇಳಿಯುತ್ತದೆ.

ಇದನ್ನು ನನ್ನ ಫೋನಿಗೆ ಹಾಕಿಕೊಟ್ಟವಳು ರಶ್ಮಿನೇ. “ಅಣ್ಣ, ಸುಮ್ನೆ ನಮ್ ಟೀಮಿಗೆ ಹೌದು ಒತ್ತು. ಸಪೋರ್ಟು” ಅಂದಳು.

ನಾನೂ ಸಪೋರ್ಟಿಗೇ ಶುರು ಮಾಡಿದೆ. ಆಮೇಲೆ ಬಹುಮಾನ ಏನು ಅಂತ ನೋಡಿದೆ. ಎಲ್ಲರಿಗಿಂತ ಹೆಚ್ಚು ಪಾಯಿಂಟು ಮಾಡಿದವರಿಗೆ ಒಂದು ಕುರ್ಚಿ. ಗೇಮ್ ಆಡುವವರು ಕೂರುತ್ತಾರಲ್ಲ, ವಿಮಾನದ ಸೀಟಿನ ಹಾಗೆ, ಬೆನ್ನಿಗೊಂದು ದಿಂಬು, ಕತ್ತಿಗೊಂದು ದಿಂಬು, ಅದು. ಹದಿನೆಂಟು ವರ್ಷದಿಂದ ಮಿಷನ್ ಮುಂದೆ ಮರದ ಸ್ಟೂಲಿನ ಮೇಲೆ ಕೂತವನ ಸೊಂಟಕ್ಕೆ ಆ ಫೋಟೋ ತೋರಿಸಬಾರದು.

ಆಟ ಗೊತ್ತಿಲ್ಲದವನು ಹೇಗೆ ಗೆಲ್ಲುತ್ತೀಯಾ ಅಂತ ಕೇಳಬಹುದು. ಆಟ ಗೊತ್ತಿಲ್ಲ, ಹೆಗಲು ಗೊತ್ತು. ವಿಡಿಯೋದಲ್ಲಿ ಆಡುವವರ ಮುಖ, ಹೆಗಲು ತೋರಿಸುತ್ತಾರೆ. ಧೈರ್ಯ ಇರುವವರ ಹೆಗಲು ಹದಿನಾಲ್ಕೂವರೆ ಇಂಚಿದ್ದರೆ, ಧೈರ್ಯ ಕೆಟ್ಟಾಗ ಹದಿಮೂರೂಮುಕ್ಕಾಲಕ್ಕೆ ಇಳಿಯುತ್ತದೆ. ಟ್ರಯಲ್ ನೋಡುವಾಗ ಅತ್ತೆ ಒಳಗೆ ಬಂದರೆ ಸೊಸೆಯಂದಿರ ಹೆಗಲು ಆಗುವ ಹಾಗೆ. ಹೆಗಲು ಇಳಿದವರ ವಿರುದ್ಧ ಹಾಕುತ್ತಾ ಹೋದೆ. ಮೂರು ವಾರದಲ್ಲಿ ಪಟ್ಟಿಯಲ್ಲಿ ಮೂರನೇ ಸ್ಥಾನ. ಜಿಗ್‌ಜಾಗ್ ಅರ್ಧಕ್ಕೆ ನಿಲ್ಲಿಸಿ ಪಟ್ಟಿ ನೋಡುವುದು ಅಭ್ಯಾಸವಾಯಿತು. ಒಬ್ಬರ ಬ್ಲೌಸಿಗೆ ಎರಡೂ ಎಡಗೈ ತೋಳು ಕೂರಿಸಿಬಿಟ್ಟಿದ್ದೆ.

ಇನ್ನೊಂದೇ ಒಂದು ದೊಡ್ಡ ಊಹೆ ಸರಿಹೋದರೆ ಕುರ್ಚಿ ನನ್ನದು.

ಆ ವಾರವೇ ರಶ್ಮಿ ಒಂದು ಟೀ ಶರ್ಟ್ ತಂದು ಕಟಿಂಗ್ ಟೇಬಲ್ ಮೇಲೆ ಹಾಕಿದಳು. ಕತ್ತಿನ ಪಟ್ಟಿ ಹರಿದು ಚಿಂದಿಯಾಗಿತ್ತು.

“ಇದೇನೆ, ಇಲಿ ಕಡಿದಿದ್ಯಾ?” ಅಂದೆ.

“ನಾನೇ ಕಡಿದಿದ್ದು.”

“ಊಟ ಹಾಕ್ತಿಲ್ವಾ ಮನೇಲಿ?”

ನಗಲಿಲ್ಲ. ಟೇಬಲ್ ಹತ್ತಿ ಕೂತಳು. ಬಂದರು ಮ್ಯಾಪಿನಲ್ಲಿ ಎಡಗಡೆ ಒಂದು ಗೋಡೌನ್ ಇದೆ, ಅಲ್ಲಿ ನಿಂತರೆ ಕೈ ನಡುಗುತ್ತೆ, ಗುರಿ ತಪ್ಪುತ್ತೆ, ಪ್ರಾಕ್ಟೀಸಿನಲ್ಲಿ ಪ್ರತಿ ಸಲ ಅಲ್ಲೇ ಸಾಯುತ್ತೇನೆ ಅಂದಳು. ಟೀಮಿನವರಿಗೆ ಹೇಳಿದರೆ ಬೇರೆ ಯಾರನ್ನಾದರೂ ತಗೋತಾರೆ ಅಂತ ಭಯವಂತೆ. “ನೀನು ಯಾರಿಗೂ ಹೇಳ್ಬೇಡ ಅಣ್ಣ.”

“ನಾನ್ಯಾಕೆ ಹೇಳ್ಲಿ” ಅಂದೆ. ಯಾರಿಗೂ ಹೇಳಲೂ ಇಲ್ಲ. ಈ ಮಾತನ್ನು ಆಮೇಲೆ ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ. ಹೇಳಲಿಲ್ಲ, ಒತ್ತಿದೆ ಅಷ್ಟೇ.

ಭಾನುವಾರ ಬೆಳಿಗ್ಗೆ ಎರಡನೇ ಮ್ಯಾಪಿನಲ್ಲಿ ಖಾರಾಪುಡಿಯ ರೇಟು ಅರವತ್ತೆರಡು ಇತ್ತು. ಅಷ್ಟು ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ರಶ್ಮಿ ಎದುರಿಗೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು. ತಿನ್ನುತ್ತಿರಲಿಲ್ಲ, ಚಮಚದಲ್ಲಿ ಕಡಲೆಬೇಳೆ ಆರಿಸಿ ಪಕ್ಕಕ್ಕೆ ಇಡುತ್ತಿದ್ದಳು. “ಏನಾಗಲ್ಲ ತಿನ್ನು, ನೀನೇ ಗೆಲ್ಲೋದು” ಅಂದೆ. ಟೇಬಲ್ಲಿನ ಕೆಳಗೆ ಹೆಬ್ಬೆರಳು ‘ಇಲ್ಲ’ ಒತ್ತಿತು. ಇದ್ದ ಪಾಯಿಂಟೆಲ್ಲ, ಸ್ವಲ್ಪ ಬಿಟ್ಟು. ಆ ಸ್ವಲ್ಪವನ್ನು ಪಂದ್ಯ ಒಟ್ಟಾರೆ ಖಾರಾಪುಡಿಯೇ ಗೆಲ್ಲುತ್ತದೆ ಅಂತ ಹಾಕಿದೆ. ಒಂದು ಮ್ಯಾಪು ಸೋಲಲಿ, ಪಂದ್ಯ ಗೆಲ್ಲಲಿ. ತಂಗಿಗೆ ಪಂದ್ಯ, ನನಗೆ ಕುರ್ಚಿ. ಇದರಲ್ಲಿ ಯಾರಿಗೆ ನಷ್ಟ?

ನನಗೆ ತಿಳಿಯದೇ ಇದ್ದದ್ದು ಒಂದೇ. ಇದು ದೊಡ್ಡ ಮಾರ್ಕೆಟ್ ಅಲ್ಲ, ಸಣ್ಣ ಸಂತೆ. ನೂರಾರು ಜನ ಒಂದೆರಡು ಚೀಟಿ ಕೊಳ್ಳುವ ಜಾಗದಲ್ಲಿ ಒಬ್ಬ ಬಂದು ಮೂಟೆ ಇಳಿಸಿದರೆ ಏನಾಗುತ್ತದೆ? ‘ಇಲ್ಲ’ ಏರಿತು, ಅರವತ್ತೆರಡು ಇದ್ದ ‘ಹೌದು’ ಮೂವತ್ತೊಂದಕ್ಕೆ ಬಿತ್ತು.

ಹಾಲಿಗೆ ಹೋದೆವು. ಮರಳುಗಾಡು ಮ್ಯಾಪು ಖಾರಾಪುಡಿಯವರು ಲೀಲಾಜಾಲವಾಗಿ ಗೆದ್ದರು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. (ಹೌದು, ಹೊಡೆದೆ.) ಬಿಡುವಿನಲ್ಲಿ ಕಾಮೆಂಟರಿ ಹೇಳುವ ಹುಡುಗ ಮಾತಿಗೆ ವಿಷಯ ಇಲ್ಲದೆ ರೇಟಿನ ಪಟ್ಟಿ ಪರದೆ ಮೇಲೆ ಹಾಕಿದ.

“ಗುರು, ಇದೇನಿದು? ಫಸ್ಟ್ ಮ್ಯಾಪ್ ಹಿಂಗೆ ಹೊಡ್ದಿದಾರೆ, ಸೆಕೆಂಡ್ ಮ್ಯಾಪಿಗೆ ಇವರ ರೇಟು ಏರಿದ್ರೂ ಮೂವತ್ತೈದೇ? ಯಾರಪ್ಪ ಅದು ಇಷ್ಟೊಂದು ‘ಇಲ್ಲ’ ತಗೊಂಡಿರೋದು?” ಅಂದು ಕೆಳಗೆ ಒತ್ತಿದ. ಅತಿ ಹೆಚ್ಚು ‘ಇಲ್ಲ’ ಚೀಟಿ ಇರುವವರ ಹೆಸರು ಬಂತು. ನನ್ನ ಫೋನಿನ ಅಕೌಂಟು ಇರುವುದು ಅಂಗಡಿ ಹೆಸರಿನಲ್ಲಿ.

ಓದಿದ. ಕುಚ್ಚು ಹಾಕಲಾಗುವುದು ಅನ್ನುವವರೆಗೂ ಓದಿದ.

ಆಮೇಲೆ ಕ್ಯಾಮೆರಾದವನು, ಅವನ ಕೈ ಸುಮ್ಮನಿರಬಾರದಾ, ರಶ್ಮಿಯ ತೋಳು ತೋರಿಸಿದ. ಪರದೆಯ ಒಂದು ಕಡೆ ಪಟ್ಟಿ, ಇನ್ನೊಂದು ಕಡೆ ತೋಳು. ಎರಡರಲ್ಲೂ ಸೂಜಿಮಲ್ಲಿಗೆ. ನನ್ನ ಎಂಬ್ರಾಯಿಡರಿ ಅಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ.

“ಮಗಾ, ಸ್ಪಾನ್ಸರ್ರೇ ಉಲ್ಟಾ ಹಾಕಿದಾರೆ” ಅಂತ ಹಿಂದಿನ ಸಾಲಿನವನೊಬ್ಬ ಅಂದ. ಹಾಲೆಲ್ಲ ನಕ್ಕಿತು. ರಶ್ಮಿ ಹೆಡ್‌ಫೋನ್ ತೆಗೆದು ಪರದೆ ನೋಡಿದಳು. ಆಮೇಲೆ ನನ್ನನ್ನು. ಅವಳು ನಗಲಿಲ್ಲ. ಎದುರು ತಂಡದವರೂ ನಗಲಿಲ್ಲ, ನೇರವಾಗಿ ರೆಫರಿ ಹತ್ತಿರ ಹೋದರು.

ಸ್ಟೇಜಿನ ಹಿಂದೆ ಕರೆದರು. ರೆಫರಿ ಒಬ್ಬ ಹುಡುಗಿ, ಕೊರಳಲ್ಲಿ ಟ್ಯಾಗು. ಕುರ್ತಾದ ತೋಳು ಒಂದು ಇಂಚು ಉದ್ದವಾಗಿತ್ತು. (ಅಂಥ ಹೊತ್ತಿನಲ್ಲೂ ಕಣ್ಣು ಅಲ್ಲಿಗೇ ಹೋಗುತ್ತದೆ, ಏನು ಮಾಡಲಿ.) ಪಕ್ಕದಲ್ಲಿ ರಶ್ಮಿ, ಅವಳ ಪಕ್ಕ ತಂಡದ ಕ್ಯಾಪ್ಟನ್ ನಿತಿನ್.

“ಸಾರ್, ಇದು ನಿಮ್ಮ ಅಕೌಂಟಾ?”

“ಹೌದು ಮೇಡಂ.”

“ರಶ್ಮಿ ನಿಮಗೇನಾಗ್ಬೇಕು?”

“ತಂಗಿ.”

“ತಂಗಿ ಆಡೋ ಟೀಮ್ ಸೋಲುತ್ತೆ ಅಂತ ಹಾಕಿದೀರ.”

“ಟೀಮ್ ಅಲ್ಲ ಮೇಡಂ, ಒಂದು ಮ್ಯಾಪ್ ಅಷ್ಟೇ. ಪಂದ್ಯ ಅವರೇ ಗೆಲ್ತಾರೆ ಅಂತಾನೂ ಹಾಕಿದೀನಿ, ಬೇಕಾದ್ರೆ ನೋಡಿ.”

ಇದು ನನ್ನ ಪರವಾದ ಸಾಕ್ಷಿ ಅಂದುಕೊಂಡು ಹೇಳಿದೆ. ನಿತಿನ್ ಹಣೆ ಹಿಡಿದುಕೊಂಡ. “ಅಣ್ಣಾ, ನೀವು ಸ್ವಲ್ಪ ಸುಮ್ನಿರಿ. ನೀವು ಮಾತಾಡ್ದಷ್ಟೂ ನಾವು ಒಳಗೋಗ್ತಿದೀವಿ.”

ರೆಫರಿ ನಿಧಾನವಾಗಿ ಬಿಡಿಸಿ ಹೇಳಿದಳು. ಒಂದು ಮ್ಯಾಪು ಬೇಕಂತಲೇ ಸೋತು ಪಂದ್ಯ ಗೆಲ್ಲುವುದು ಇದರಲ್ಲಿ ಹಳೇ ಮೋಸ. ರಶ್ಮಿ ಸೋಲುವ ಮಾತು ಕೊಟ್ಟಿದ್ದಾಳೆ, ಅಣ್ಣ ಅದರ ಮೇಲೆ ಹಾಕಿದ್ದಾನೆ ಅಂತ ಎದುರು ತಂಡದವರ ದೂರು. ನಿಜ ಅಂತಾದರೆ ರಶ್ಮಿ ಒಂದು ವರ್ಷ ಯಾವ ಟೂರ್ನಮೆಂಟಿನಲ್ಲೂ ಆಡುವ ಹಾಗಿಲ್ಲ.

ಒಂದು ವರ್ಷ. ನನ್ನ ಸೊಂಟದ ನೋವು ಆ ಕ್ಷಣಕ್ಕೆ ಎಲ್ಲಿ ಹೋಯಿತೋ ಗೊತ್ತಿಲ್ಲ.

“ಅವಳಿಗೆ ಗೊತ್ತೇ ಇಲ್ಲ ಮೇಡಂ. ಇಬ್ಬರೂ ಸೇರಿ ಮಾಡಿದ್ರೆ ಅಂಗಡಿ ಹೆಸರಲ್ಲಿ ಹಾಕ್ತಿದ್ನಾ? ಅದೂ ಅವಳ ತೋಳಿನ ಮೇಲಿರೋ ಹೆಸರಲ್ಲಿ?”

ರೆಫರಿ ರಶ್ಮಿಯ ತೋಳು ನೋಡಿದಳು, ಫೋನು ನೋಡಿದಳು, ನನ್ನನ್ನು ನೋಡಿದಳು. “ಅದೂ ನಿಜಾನೇ” ಅಂದಳು. “ಇಷ್ಟು ದಡ್ಡತನದಿಂದ ಯಾರೂ ಫಿಕ್ಸ್ ಮಾಡಲ್ಲ.” ಎಂಟನೇ ಕ್ಲಾಸಿನ ಮೇಷ್ಟ್ರೂ ದಡ್ಡ ಅಂತಲೇ ಹೊರಗೆ ಹಾಕಿದ್ದರು. ಆ ದಡ್ಡತನ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಆದರೆ ಹುಡುಗಿ ಬಿಡುವವಳಲ್ಲ. “ಸಾರ್, ಇದ್ದಬದ್ದ ಪಾಯಿಂಟೆಲ್ಲ ಒಂದೇ ಕಡೆ ಹಾಕಿದೀರ. ಏನೋ ಗೊತ್ತಿಲ್ದೆ ಹಂಗೆ ಹಾಕಲ್ಲ. ಏನು ಗೊತ್ತಿತ್ತು ನಿಮಗೆ?”

ಈಗ ಹೇಳಿ, ಏನು ಹೇಳಬೇಕಿತ್ತು? ಹೇಳಿದರೆ ಅವಳು ಟೀಮಿನಿಂದ ಮುಚ್ಚಿಟ್ಟದ್ದು ಕ್ಯಾಪ್ಟನ್ ಎದುರಿಗೇ ಹೊರಬೀಳುತ್ತದೆ. ಹೇಳದಿದ್ದರೆ ಒಂದು ವರ್ಷ. ಈ ಹದಿನೆಂಟು ವರ್ಷದಲ್ಲಿ ನನ್ನ ಅಳತೆ ಪುಸ್ತಕ ಇನ್ನೊಬ್ಬರಿಗೆ ತೋರಿಸಿದವನಲ್ಲ. ಅಕ್ಕನ ಸೊಂಟ ಎಷ್ಟು ಅಂತ ತಂಗಿ ಕೇಳಿದರೂ ಹೇಳಿಲ್ಲ, ನಾದಿನಿ ದಪ್ಪ ಆಗಿದಾಳಾ ಅಂತ ಅತ್ತಿಗೆ ಕೇಳಿದರೂ ಹೇಳಿಲ್ಲ. ಊರಿನ ಹೆಂಗಸರ ಗುಟ್ಟು ಕಾಪಾಡಿದವನು ಮನೆಯವಳದ್ದನ್ನು ಒಂದು ಕುರ್ಚಿಗೆ ಹಾಕಿದ್ದೆ.

“ಸುಮ್ನೆ ಊಹೆ ಮೇಡಂ” ಅಂದೆ. ನನಗೇ ನಂಬಿಕೆ ಬರಲಿಲ್ಲ. ರೆಫರಿ ಪೆನ್ನು ತೆಗೆದಳು.

ಆಗ ರಶ್ಮಿ ಮಾತಾಡಿದಳು. ನೆಲ ನೋಡಿಕೊಂಡು.

“ಈ ಮ್ಯಾಪಲ್ಲಿ ಎಡಗಡೆ ಗೋಡೌನ್ ಹತ್ರ ನನಗೆ ಕೈ ನಡುಗುತ್ತೆ. ಎರಡು ತಿಂಗಳಾಯ್ತು. ಯಾರಿಗೂ ಹೇಳಿರ್ಲಿಲ್ಲ. ಇವನೊಬ್ಬನಿಗೆ ಹೇಳಿದ್ದೆ.”

ಸ್ಟೇಜಿನ ಆ ಕಡೆ ಜನ ಸೀಟಿ ಹೊಡೆಯುತ್ತಿದ್ದರು. ನಾನು ಅವಳ ಹೆಗಲು ನೋಡಿದೆ, ಬೇಡ ಅಂದರೂ. ಎಷ್ಟು ಇಂಚು ಅಂತ ಬರೆಯಲ್ಲ.

ನಿತಿನ್ ಅವಳ ಕಡೆ ತಿರುಗಿದ. “ಅಷ್ಟೇನಾ? ನೀನು ಬಲಗಡೆ ಹೋಗು, ಗೋಡೌನ್ ನಾನು ನೋಡ್ಕೋತೀನಿ. ಎರಡು ತಿಂಗಳಿಂದ ಇದನ್ನ ಟೈಲರ್‌ಗೆ ಹೇಳ್ಕೊಂಡು ಕೂತಿದ್ಯಾ?”

ಇಷ್ಟೇ. ಟೀಮಿನಿಂದ ತೆಗೆಯುತ್ತಾರೆ ಅಂತ ಅವಳು ಎರಡು ತಿಂಗಳು ಬಟ್ಟೆ ಕಡಿದಿದ್ದಳು, ಅವನು ಎರಡು ಸೆಕೆಂಡಿನಲ್ಲಿ ಮುಗಿಸಿದ. ಅವತ್ತು ಕಟಿಂಗ್ ಟೇಬಲ್ ಮೇಲೆ ಕೂತಾಗ ನಾನು “ನಿಮ್ ಕ್ಯಾಪ್ಟನ್‌ಗೆ ಹೇಳೇ” ಅಂದಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಆಗಲೇ ನನ್ನ ತಲೆಯಲ್ಲಿ ರೇಟು ಓಡುತ್ತಿತ್ತಾ? ಇರಲಿಲ್ಲ ಅಂತ ದೇವರ ಮೇಲೆ ಆಣೆ ಇಡಲಾರೆ.

ರೆಫರಿ ರಶ್ಮಿಗೆ ಆಡಲು ಬಿಟ್ಟಳು. ನನ್ನ ಅಕೌಂಟು ರದ್ದು ಮಾಡಿದಳು, ಪಾಯಿಂಟು ಸಮೇತ. “ಆಟಗಾರರ ಮನೆಯವರು ಹಾಕೋ ಹಾಗಿಲ್ಲ ಅಂತ ರೂಲ್ಸಲ್ಲಿದೆ, ಓದಿಲ್ವಾ ಸಾರ್?” ಅಂದಳು. ಇಂಗ್ಲಿಷಿನಲ್ಲಿತ್ತು ಅಂದೆ. “ಕನ್ನಡದಲ್ಲೂ ಇದೆ” ಅಂದಳು. ಇತ್ತಂತೆ.

ಎರಡನೇ ಮ್ಯಾಪು ಖಾರಾಪುಡಿ ಸೋತಿತು. ಇವರಿಗೆ ಹನ್ನೊಂದು ಸುತ್ತು, ಅವರಿಗೆ ಹದಿಮೂರು, ಕೂದಲೆಳೆ ಅಂತರದಲ್ಲಿ. ಮೂರನೆಯದು ಗೆದ್ದರು. ಪಂದ್ಯ ಅವರದ್ದೇ. ಅಂದರೆ ನನ್ನ ಎರಡೂ ಊಹೆ ಸರಿಯಾಗಿತ್ತು. ಇದನ್ನು ಹೇಳಿಕೊಳ್ಳಲು ಹಾಲಿನಲ್ಲಿ ನನ್ನ ಪಕ್ಕ ಯಾರೂ ಕೂತಿರಲಿಲ್ಲ. ಕುರ್ಚಿ ಪುಟ್ಟೇನಹಳ್ಳಿಯ ಒಬ್ಬ ಆಂಟಿಗೆ ಹೋಯಿತು. ಆಟೋದಲ್ಲಿ ಅದನ್ನು ಅಡ್ಡ ಮಲಗಿಸಿ, ಅದರ ಮೇಲೆ ತಾವು ಅಡ್ಡ ಕೂತು ಹೊರಟರು.

ವಾಪಸು ಬರುವಾಗ ಸ್ಕೂಟರ್ ನಾನು ಓಡಿಸುತ್ತಿದ್ದೆ, ರಶ್ಮಿ ಹಿಂದೆ. ಮಾಮೂಲಿ ಆಗಿದ್ದರೆ ಅವಳ ಬಾಯಿ ನಿಲ್ಲಲ್ಲ. ಯಾವ ಪೇಷಂಟು ಡಾಕ್ಟರ ಬೆರಳು ಕಚ್ಚಿದ ಅನ್ನುವುದರಿಂದ ಶುರುವಾಗುತ್ತದೆ. ಆವತ್ತು ಜಯನಗರದ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ನಾನೇ ಶುರು ಮಾಡಿದೆ.

“ತಪ್ಪಾಯ್ತು ಕಣೆ.”

“ಹೂಂ.”

“ಬೈಯಾದ್ರೂ ಬೈಯಿ.”

“ಹಾಕಿದ್ದಕ್ಕೆ ಬೇಜಾರಿಲ್ಲ ಬಿಡು. ಸೋಲ್ತೀನಿ ಅಂತ ನಂಗೂ ಅನಿಸಿತ್ತು. ಒಂದು ಕೇಳ್ತೀನಿ ಹೇಳು. ಬೆಳಿಗ್ಗೆ ನೀನೇ ಗೆಲ್ಲೋದು ಅಂದ್ಯಲ್ಲ, ಅದು ಹಾಕೋಕೆ ಮುಂಚೆನಾ, ಹಾಕಿದ್ಮೇಲಾ?”

ಸುಳ್ಳು ಹೇಳಬಹುದಿತ್ತು. ಮುಂಚೆ ಅಂದಿದ್ದರೆ ಆಮೇಲೆ ಮನಸ್ಸು ಕೆಟ್ಟಿತು ಅಂತ ಆಗುತ್ತಿತ್ತು.

“ಹಾಕ್ತಾ ಹಾಕ್ತಾ” ಅಂದೆ.

ಸಿಗ್ನಲ್ ಬಿಟ್ಟಿತು. ಹಿಂದಿನವರು ಹಾರ್ನ್ ಹೊಡೆದರು. ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಅವಳು ಇಳಿದು, ಅಮ್ಮನಿಗೆ ಪರೀಕ್ಷೆ ಚೆನ್ನಾಗಾಯ್ತು ಅಂತ ಹೇಳಿ ಒಳಗೆ ಹೋದಳು.

ನನ್ನನ್ನು ಬೈಯುವ ಮೊದಲು ನೀವೂ ಸ್ವಲ್ಪ ನಿಮ್ಮ ಕಡೆ ನೋಡಿಕೊಳ್ಳಿ. ಅಂಗಡಿಯಲ್ಲಿ ಅಳತೆ ಕೊಡುತ್ತಾ ನೀವು ಆಡುವ ಮಾತು ನನ್ನ ಕಿವಿಗೆ ಬೀಳುತ್ತದೆ. “ನಮ್ ಮೈದುನ ಹೋಟ್ಲು ಹಾಕ್ತಿದಾನಂತೆ, ಆರು ತಿಂಗಳು ನಡೆದ್ರೆ ಹೆಚ್ಚು.” “ಅವಳು ಡ್ರೈವಿಂಗ್ ಕಲಿಯೋದಾ, ಬಿಡಿ ಮೇಡಂ.” ಅದೇ ಮೈದುನನ ಹೋಟೆಲಿನ ಪೂಜೆಗೆ ಉಟ್ಟುಕೊಂಡು ಹೋಗಲು ಬ್ಲೌಸ್ ಅರ್ಜೆಂಟಾಗಿ ಬೇಕು. ಅಲ್ಲಿ ಹೋಗಿ “ಒಳ್ಳೇದಾಗ್ಲಿ” ಅನ್ನುತ್ತೀರಿ, ಎರಡು ಸಲ ಕೇಸರಿಬಾತ್ ಹಾಕಿಸಿಕೊಳ್ಳುತ್ತೀರಿ. ಎಲ್ಲರ ಮನೆಯಲ್ಲೂ ಎಲ್ಲರ ಮೇಲೂ ಒಂದು ರೇಟು ಇದೆ. ನಿಮ್ಮದು ಪರದೆ ಮೇಲೆ ಬಂದಿಲ್ಲ, ನನ್ನದು ಬಂತು. ಅಷ್ಟೇ ವ್ಯತ್ಯಾಸ.

ಹೀಗೆ ಎರಡು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆ ಮೈದುನ ನಿಮ್ಮ ಹತ್ತಿರ ಬಂದು, “ಅತ್ತಿಗೆ, ನಂಗೆ ಭಯ ಆಗ್ತಿದೆ, ಯಾರಿಗೂ ಹೇಳ್ಬೇಡಿ” ಅಂದಿರಲಿಲ್ಲ. ನನ್ನ ಹತ್ತಿರ ಒಬ್ಬಳು ಬಂದು ಅಂದಿದ್ದಳು. ಸಮಾಧಾನ ಅಲ್ಲಿಗೆ ಬಂದು ನಿಂತುಬಿಡುತ್ತದೆ.

ಬುಧವಾರ ಧೈರ್ಯ ಮಾಡಿ ಕೇಳಿದೆ. “ಪ್ರಾಕ್ಟೀಸ್ ಹೇಗಾಗ್ತಿದೆ?”

“ಯಾಕೆ, ಎಷ್ಟು ನಡೀತಿದೆ ರೇಟು?” ಅಂದಳು. ಅಮ್ಮನೂ ಇದ್ದರು. ಬೆಳ್ಳುಳ್ಳಿದಾ ಅಂತ ಕೇಳಿದರು.

ನಿನ್ನೆ ಕ್ಲಿನಿಕ್ಕಿನಿಂದ ಬರುತ್ತಾ ಅಂಗಡಿ ಮುಂದೆ ನಿಂತಳು. ಒಳಗೆ ಬರಲಿಲ್ಲ, ಟೇಬಲ್ ಹತ್ತಲಿಲ್ಲ. ಬಾಗಿಲಿನಲ್ಲೇ ನಿಂತು, “ಅಣ್ಣ, ಒಂದು ವಿಷಯ. ಯಾರಿಗೂ” ಅಂದಳು. ನಾನು ಮಿಷನ್ ನಿಲ್ಲಿಸಿದೆ. ನನ್ನ ಮುಖ ನೋಡಿದಳು. ಬಾಬಿನ್ ಪಕ್ಕದಲ್ಲಿಟ್ಟಿದ್ದ ನನ್ನ ಫೋನು ನೋಡಿದಳು. ನಾನು ಅದನ್ನು ಬೋರಲು ಹಾಕಿದೆ.

“ಏನಿಲ್ಲ ಬಿಡು” ಅಂದು ಮನೆ ಕಡೆ ಹೋದಳು.

ಆ ಮಾತನ್ನು ಅವಳು ಯಾವತ್ತಾದರೂ ಬಂದು ಮುಗಿಸುತ್ತಾಳೆ ಅನ್ನುವುದಕ್ಕೆ, ನೀವಾದರೆ ನೂರಕ್ಕೆ ಎಷ್ಟು ಹಾಕುತ್ತೀರಿ?